ಹಳೇ ಸಣ್ಣ ಸೊಸಿ

ಅಡುಗೆಮನೆಗೆ ಕಾಫಿ ತರಲು ಹೋದವಳು ನಾನು. ಕಾಫಿ ತಟ್ಟೆ ಹಿಡಿದು ಹೊರಗೆ ಬಂದವಳು ಬೇರೆಯವಳು. ಧಾರಾವಾಹಿಯಲ್ಲಿ ನಟಿ ಬದಲಾಗುವುದೇ ಹೀಗೆ. ಇಂದಿನಿಂದ ಸಣ್ಣ ಸೊಸೆಯ ಪಾತ್ರದಲ್ಲಿ ಇಂಥವರು ಎಂದು ಪರದೆಯ ಕೆಳಗೆ ಒಂದು ಸಾಲು ಓಡಿತು. ಮೂರು ವರ್ಷ ನನ್ನ ಗಂಡನಾಗಿದ್ದವನು ಅವಳ ಮುಖ ನೋಡಿದ, ಏನೂ ವ್ಯತ್ಯಾಸ ಕಾಣಲಿಲ್ಲವೆಂಬಂತೆ ಕುಡಿದ, “ಇವತ್ತು ಕಾಫಿ ಚೆನ್ನಾಗಿದೆ” ಎಂದ. ಇದನ್ನೆಲ್ಲ ನಾನು ಹೊಸಪೇಟೆಯ ನಮ್ಮ ಮನೆಯಲ್ಲಿ ಅವ್ವನ ಪಕ್ಕದಲ್ಲಿ ಕೂತು ನೋಡಿದೆ.

“ತಟ್ಟಿ ಹಿಡಿಯೋದು ಚೆಂದ ಬರತೈತಿ ಆಕಿಗೆ. ನೀ ಯಾವಾಗ್ಲೂ ಚೆಲ್ತಿದ್ದಿ,” ಅಂದಳು ಅವ್ವ.

ಧಾರಾವಾಹಿ ಬಿಟ್ಟದ್ದು ನಾನೇ, ಯಾರೂ ತೆಗೆದುಹಾಕಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನನ್ನ ರೂಢಿ. ಒಂದು ಸಿನಿಮಾದಲ್ಲಿ ನಾಯಕಿಯ ಪಾತ್ರ ಬಂದಿತ್ತು. ಅವ್ವ ಬ್ಯಾಡ ಅಂದಳು, ನಿರ್ದೇಶಕರು ಇನ್ನೊಮ್ಮೆ ಯೋಚಿಸಿ ಎಂದರು. ಇವರಿಗೆಲ್ಲ ನನ್ನ ಏಳಿಗೆ ಕಂಡರಾಗದು ಎಂದುಕೊಂಡು ಹೊರಟುಬಿಟ್ಟೆ. ಮುಹೂರ್ತದ ದಿನ ತೆಂಗಿನಕಾಯಿ ಸರಿಯಾಗಿ ಎರಡು ಹೋಳಾಯಿತು. ಆ ಸಿನಿಮಾದಲ್ಲಿ ಪೂರ್ತಿಯಾದ ಕೆಲಸ ಅದೊಂದೇ.

ಊರಿಗೆ ಬಂದ ಮೇಲೆ ನನಗೊಂದು ಹೊಸ ಹೆಸರು ಸಿಕ್ಕಿತು. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತ ನಿಂತರೆ ಹಿಂದಿನಿಂದ ಕೇಳುತ್ತಿತ್ತು: “ಏ, ನೋಡಲ್ಲೆ, ಹಳೇ ಸಣ್ಣ ಸೊಸಿ!” ಹಳೆಯದೂ ಹೌದು, ಸಣ್ಣದೂ ಹೌದು. ಕೆಲವರು ಅಳುವುದನ್ನು ತೋರಿಸಿ ಎನ್ನುತ್ತಿದ್ದರು. ಕೆಲವರು, ಈಗಿನವಳು ನನಗಿಂತ ಚೆನ್ನಾಗಿ ಅಳುತ್ತಾಳೆಂದು ಕಳಕಳಿಯಿಂದ ತಿಳಿಸುತ್ತಿದ್ದರು.

ಕಂಪ್ಲಿಯಲ್ಲಿ ಒಂದು ಸೀರೆ ಅಂಗಡಿಯ ಉದ್ಘಾಟನೆಗೆ ಕರೆದಿದ್ದರು. ಹೋಗಿ ನೋಡಿದರೆ ಬಾಗಿಲ ಮೇಲಿನ ಬ್ಯಾನರಿನಲ್ಲಿ ಹೊಸಬಳ ಫೋಟೋ. ನಾನು ಮುಖ ಸಣ್ಣದು ಮಾಡಿಕೊಂಡು ಮಾಲೀಕರಿಗೆ ತೋರಿಸಿದೆ. “ಫೋಟೋ ಯಾರದಿದ್ರೇನ್ರಿ ಮೇಡಂ, ಪಾತ್ರ ಒಂದ ಅಲ್ಲೇನ್ರಿ. ಬರ್ರಿ, ಕುಂದ್ರಿ,” ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಈವರೆಗೂ ಆಗಿಲ್ಲ.

ಸಂಡೂರಿನ ಕಡೆ ಒಂದು ಗಣಿಯವರು ಸುರಕ್ಷತಾ ಸಪ್ತಾಹದ ನಾಟಕಕ್ಕೆ ಕರೆದರು. ಹೆಲ್ಮೆಟ್ ಮರೆತು ಕೆಲಸಕ್ಕೆ ಹೊರಟ ಗಂಡನ ಹಿಂದೆ ಓಡುವ ಹೆಂಡತಿ ನಾನು. ಮೂರು ಪಾಳಿಯವರಿಗಾಗಿ ಮೂರು ಸಲ ಓಡಿದೆ. ಮೂರನೆಯ ಸಲ ಮುಗಿದಾಗ ಸೀರೆಯ ಅಂಚೆಲ್ಲ ಕೆಂಪು ಧೂಳು. ಕುರೆಕುಪ್ಪದ ಕಾರ್ಮಿಕರೊಬ್ಬರು ಹತ್ತಿರ ಬಂದು, “ಮಸ್ತ್ ಮಾಡಿದ್ರಿ ಮೇಡಂ. ಹೊಸಾಕಿಗಿಂತ ನೀವ ಚಲೋ ಇದ್ರಿ ಅಂತಾಳ ನನ್ನ ಹೆಂಡ್ತಿ,” ಎಂದರು. ನೋಡದ ಆ ಹೆಂಗಸನ್ನು ನೆನೆದು ಎಷ್ಟೋ ದಿನ ಖುಷಿಪಟ್ಟೆ.

ಆ ಪಾತ್ರ ನನಗೆ ವಾಪಸ್ ಬೇಕಿತ್ತು. ಸಿನಿಮಾ ಬೇಡ, ಬೇರೆ ಧಾರಾವಾಹಿಯೂ ಬೇಡ. ಆ ಮನೆ, ಆ ಕಿಟಕಿ, ಪ್ಲೈವುಡ್ಡಿನ ಆ ತುಳಸಿಕಟ್ಟೆ, ಅಲ್ಲಿಗೆ ಹೋಗಿ ಮತ್ತೆ ಸಣ್ಣ ಸೊಸೆಯಾಗಿ ನಿಲ್ಲಬೇಕಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಅದೇ ಧಾರಾವಾಹಿಯವರು ಹಂಪಿಗೆ ಚಿತ್ರೀಕರಣಕ್ಕೆ ಬಂದರು. ಸುದ್ದಿ ತಂದವರು ನಮ್ಮ ಓಣಿಯ ಆಟೋದವರು. ಅವ್ವ ಮರುದಿನ ಬೆಳಿಗ್ಗೆ ಎದ್ದವಳೇ ಶೇಂಗಾ ಹೋಳಿಗೆ ಮಾಡಲು ಕೂತಳು.

“ಯಾರಿಗೆ?” ಎಂದೆ.

“ಆಕಿಗೆ. ಪಾಪ, ಅತ್ತಿ ಕೈಯಾಗ ಸಿಕ್ಕು ಭಾಳ ಸೊರಗ್ಯಾಳ.”

“ಅವ್ವಾ, ಅದು ನಾಟಕ. ನಾನೂ ಮೂರು ವರ್ಷ ಅದೇ ಅತ್ತೆಯ ಕೈಯಲ್ಲಿದ್ದೆ.”

“ನೀ ದಪ್ಪ ಆಗಿದ್ದಿ.”

ಹೊಟ್ಟೆ ಉರಿಯಿತು. ಆದರೂ ಜೊತೆಗೆ ಹೋದೆ. ಹಳೆಯ ನಿರ್ದೇಶಕರ ಕಣ್ಣಿಗೆ ಬೀಳಬಹುದೆಂಬ ಆಸೆ ಇತ್ತು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟೆ, ಬೇಕೆಂದೇ ಉಟ್ಟದ್ದಲ್ಲ ಎಂದು ಕಾಣುವ ಹಾಗೆ.

ಹೊಳೆಯ ದಂಡೆಯಲ್ಲಿ ಹರಗೋಲು ಹತ್ತುವ ದೃಶ್ಯ ನಡೆದಿತ್ತು. ನಿರ್ದೇಶಕರು ಬದಲಾಗಿದ್ದರು. ಹೊಸಬರು ನನ್ನನ್ನು ನೋಡಿ, ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಫ್ರೇಮಿನಲ್ಲಿ ಬರ್ತಿದ್ದೀರಿ ಎಂದರು. ಸರಿದೆ.

ಬಿಡುವಿನಲ್ಲಿ ಅವಳೇ ಬಂದಳು. ಅವ್ವನ ಕಾಲು ಮುಟ್ಟಿದಳು. ಅವ್ವ ಅವಳ ಎರಡೂ ಕೆನ್ನೆ ನೀವಿ ಲಟಿಕೆ ಮುರಿದು ದೃಷ್ಟಿ ತೆಗೆದಳು. ಅವಳು ಹೋಳಿಗೆ ಮುರಿದು ಅರ್ಧ ನನ್ನ ಕೈಗಿಟ್ಟು ನನ್ನ ಪಕ್ಕದ ಬಂಡೆಯ ಮೇಲೆ ಕೂತಳು. ಬೆಂಗಳೂರಿನ ಹುಡುಗಿ, ನನಗಿಂತ ಆರೇಳು ವರ್ಷ ಚಿಕ್ಕವಳು. ದ್ವೇಷಿಸಲು ಒಂದು ಕಾರಣವನ್ನೂ ಕೊಡಲಿಲ್ಲ ಎಂಬುದೇ ಅವಳ ಮೇಲೆ ನನಗಿದ್ದ ದೊಡ್ಡ ಸಿಟ್ಟು.

“ನಿಮ್ಮನ್ನ ಒಂದು ಮಾತು ಕೇಳ್ಬೇಕು,” ಎಂದಳು. “ನಂಗೊಂದು ಸಿನಿಮಾ ಬಂದಿದೆ. ಧಾರಾವಾಹಿ ಬಿಡ್ಬೇಕಾಗುತ್ತೆ. ಮನೇಲಿ, ಸೆಟ್‌ನಲ್ಲಿ ಎಲ್ಲರೂ ಬೇಡ ಅಂತಿದಾರೆ. ಬಿಟ್ಟು ಹೋಗಿ ನೋಡಿರೋರು ನೀವೊಬ್ಬರೇ. ನೀವು ಹೇಳಿ, ಹೋಗ್ಲಾ?”

ನನಗೆ ಗೊತ್ತಿದ್ದದ್ದು ಒಂದೇ ಉತ್ತರ. ಹೋಗಬೇಡ, ಹೋದರೆ ಯಾರೂ ವಾಪಸ್ ಕರೆಯುವುದಿಲ್ಲ. ಅಷ್ಟರಲ್ಲಿ ತಲೆಯೊಳಗೆ ಇನ್ನೊಂದು ಲೆಕ್ಕ ಓಡಿತು. ಇವಳು ಹೋದರೆ ಜಾಗ ಖಾಲಿ. ಖಾಲಿಯಾದರೆ ಯಾರನ್ನು ಕರೆಯುತ್ತಾರೆ? ಪಾತ್ರ ಗೊತ್ತಿರುವವಳನ್ನು. ಆ ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವಳನ್ನು.

“ಹೋಗು,” ಎಂದೆ. “ಇಂಥ ಅವಕಾಶ ಮತ್ತೆ ಬರೋದಿಲ್ಲ. ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ.”

ಸಣ್ಣ ಸೊಸೆ ಸತ್ಯ ಹೇಳುವಾಗ ಬಳಸುತ್ತಿದ್ದ ದನಿಯಲ್ಲೇ ಹೇಳಿದೆ. ಕಣ್ಣಂಚಿನಲ್ಲಿ ನೀರೂ ಬಂತು. ಅಂಥ ಒಳ್ಳೆಯ ಅಭಿನಯವನ್ನು ನಾನು ಕ್ಯಾಮೆರಾ ಮುಂದೆ ಮಾಡಿದ್ದಿಲ್ಲ. ಅವಳು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ವಾಪಸ್ ಬರುವಾಗ ಆಟೋದಲ್ಲಿ ಅವ್ವ ಕೇಳಿದಳು: “ಆಕಿಗೆ ಖರೇನ ಹೇಳಿದೇನು?”

“ಹೂಂ,” ಎಂದೆ.

ಕಮಲಾಪುರ ದಾಟಿತು, ಹೊಸಪೇಟೆ ಬಂತು. ಅವ್ವ ಹೋಳಿಗೆಯ ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

ಅಂದಿನಿಂದ ಫೋನನ್ನು ಸ್ನಾನದ ಮನೆಗೂ ಒಯ್ದೆ. ರಾತ್ರಿ ಊಟಕ್ಕೆ ಎರಡೇ ರೊಟ್ಟಿ ಎಂದು ನೇಮ ಮಾಡಿಕೊಂಡೆ. ಕೂದಲಿಗೆ ಬಣ್ಣ ಹಾಕಿಸಿದೆ. ಧಾರಾವಾಹಿಯ ಹಳೆಯ ಮ್ಯಾನೇಜರರಿಗೆ ಹಬ್ಬದ ಶುಭಾಶಯ ಕಳಿಸಿದೆ, ಅವರು ಕೈಮುಗಿದ ಚಿತ್ರ ಕಳಿಸಿದರು. ಅದರ ಅರ್ಥವೇನಿರಬಹುದೆಂದು ಎರಡು ದಿನ ಯೋಚಿಸಿದೆ.

ಎರಡು ತಿಂಗಳು ಕಳೆದು ಒಂದು ಸಂಜೆ ಸಣ್ಣ ಸೊಸೆ ದೇವರ ಕೋಣೆಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು, ಗಂಟೆ ಕೇಳಿಸಿತು, ಬಾಗಿಲು ತೆರೆಯಿತು. ಆರತಿ ತಟ್ಟೆ ಹಿಡಿದು ಬಂದವಳು ಮೂರನೆಯವಳು. ಇಪ್ಪತ್ತೊಂದು ತುಂಬಿದ್ದರೆ ಹೆಚ್ಚು. ಗಂಡನಾದವನು ಆರತಿ ತೆಗೆದುಕೊಂಡ. ಅವ್ವ ಟಿವಿ ಆರಿಸಿದಳು. ಈ ಬಾರಿ ತಟ್ಟೆ ಹಿಡಿಯುವ ಬಗ್ಗೆ ಏನೂ ಹೇಳಲಿಲ್ಲ.

ಮತ್ತೆ ಕೆಲವು ತಿಂಗಳಿಗೆ ಫೋನು ಬಂತು. ಧಾರಾವಾಹಿಯವರದಲ್ಲ, ಅವಳದು. ಸಿನಿಮಾ ನಿಂತುಹೋಯಿತಂತೆ. ಅಳುತ್ತಿರಲಿಲ್ಲ. “ಪರವಾಗಿಲ್ಲ ಅಕ್ಕಾ,” ಎಂದಳು. “ಎಲ್ಲರೂ ಬೇಡ ಅಂದಾಗ ನನ್ನ ಮೇಲೆ ನಂಬಿಕೆ ಇಟ್ಟಿದ್ದು ನೀವೊಬ್ಬರೇ. ಅದನ್ನ ಹೇಳೋಣ ಅಂತಲೇ ಫೋನ್ ಮಾಡಿದೆ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸುಮ್ಮನೆ ಹೂಂ ಎಂದು ಫೋನಿಟ್ಟರೆ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ಬಹಳ ಯೋಚಿಸಲಿಲ್ಲ.

“ನಂಬಿಕೆ ಅಲ್ಲ,” ಎಂದೆ. “ನಿನ್ನ ಜಾಗ ನನಗೆ ಬೇಕಿತ್ತು. ಅದಕ್ಕೇ ಹೋಗು ಅಂದೆ.”

ಫೋನಿಟ್ಟುಬಿಡುತ್ತಾಳೆ ಎಂದುಕೊಂಡೆ. ಅವಳು ಸಣ್ಣ ದನಿಯಲ್ಲಿ ಕೇಳಿದಳು:

“ನಿಮ್ಮನ್ನ ಕರೆದ್ರಾ?”

“ಇಲ್ಲ.”

“ಒಂದ್ಸಲವೂ?”

“ಒಂದ್ಸಲವೂ ಇಲ್ಲ.”

“ಹಾಗಾದ್ರೆ ನನ್ನನ್ನೂ...”

ಅವಳು ಮಾತು ಮುಗಿಸಲಿಲ್ಲ. ಅವಳೂ ಫೋನನ್ನು ಸ್ನಾನದ ಮನೆಗೆ ಒಯ್ಯುತ್ತಿದ್ದಾಳೆಂದು ನನಗೆ ತಿಳಿಯಿತು.

“ಕರೆಯೋದಿಲ್ಲ ಕಣೆ,” ಎಂದೆ. ಹಂಪಿಯಲ್ಲಿ, ಆ ಬಂಡೆಯ ಮೇಲೆ ಹೇಳಬೇಕಾಗಿದ್ದ ಮಾತು ಅದು. ಹೇಳಿದ್ದರೆ ಅವಳು ಇನ್ನೂ ಆ ಮನೆಯಲ್ಲೇ ಇರುತ್ತಿದ್ದಳು.