ಡಾಕ್ಟರು ಹೇಳಿದ್ದು, ನಾನು ಹೇಳಿದ್ದು

ನನ್ನ ಅಕ್ಕ ಇಂದು ಕುಂಟುತ್ತಿರುವುದು ನಾನು ಹೇಳಿದ ಒಂದು ಸುಳ್ಳಿನಿಂದ. ಏಳು ವರ್ಷ ಅದನ್ನು ನುಂಗಿಕೊಂಡೇ ಅವಳು ಬಡಿಸಿದ್ದನ್ನು ಉಂಡೆ.

ಅಕ್ಕ ಶರಣಮ್ಮ, ಗಂಡ ತೀರಿಕೊಂಡ ಮೇಲೆ ಶಹಾಪುರದ ನಮ್ಮ ಮನೆಯಲ್ಲೇ ಇದ್ದಾಳೆ. ಆ ವರ್ಷ ಅವಳ ಸೊಂಟದ ನೋವು ಮಾತ್ರೆಗೂ ಜಗ್ಗಲಿಲ್ಲ, ವ್ಯಾಯಾಮಕ್ಕೂ ಜಗ್ಗಲಿಲ್ಲ. ಯಾದಗಿರಿಯ ಆಸ್ಪತ್ರೆಯಲ್ಲಿ ತೋರಿಸಿದೆ. ನಡೆದು ಸಾಕಾಗಿ ಅಕ್ಕ ಹೊರಗೇ ಕುಳಿತಳು. ಎಕ್ಸರೇ ಹಿಡಿದು ಒಳಗೆ ಹೋದವಳು ನಾನೊಬ್ಬಳೇ.

“ಇದು ಗುಳಿಗ್ಯಾಗ ಹೋಗೋದಲ್ಲರಿ,” ಎಂದರು ಡಾಕ್ಟರು. “ಕೀಲು ಪೂರಾ ಸವದದ. ಆಪರೇಷನ್ ಮಾಡಿ ಹೊಸಾದು ಹಾಕಬೇಕು. ತಡಾ ಮಾಡಿದ್ರ ಕಾಲು ಗಿಡ್ಡಾಗ್ತದ.”

ಹೊರಗೆ ಬಂದೆ. “ಏನಂದ್ರು?” ಎಂದಳು ಅಕ್ಕ.

ನನ್ನ ಮಗಳು ಆಗ ಏಳು ತಿಂಗಳ ಬಸುರಿ. ನಾನು ಶಾಲೆಗೆ ಹೋಗುವವಳು. ಬಾಣಂತನಕ್ಕೆ ಅಕ್ಕನ ಕೈಯೇ ಬೇಕು — ಅವಳೇ ಹಾಸಿಗೆ ಹಿಡಿದರೆ...

“ಗುಳಿಗಿ ಬರದುಕೊಟ್ಟಾರ. ಆಪರೇಷನ್ ಏನೂ ಬ್ಯಾಡಂತ.”

“ಬದುಕಿದೆ ನೋಡವ್ವಾ!” ಎಂದು ನಕ್ಕಳು.

ಹೆರಿಗೆಯಾದ ಮೇಲೆ ಮೂರು ತಿಂಗಳು ಅವಳು ನೆಲಕ್ಕೆ ಕುಳಿತು, ಕಾಲು ಚಾಚಿ, ಮೊಮ್ಮಗನನ್ನು ಅದರ ಮೇಲೆ ಮಲಗಿಸಿಕೊಂಡು ನೀರೆರೆದಳು. ಏಳುವಾಗ ಹಲ್ಲು ಕಚ್ಚಿ ಗೋಡೆ ಹಿಡಿಯುತ್ತಿದ್ದಳು. ನಾನು ನೋಡುತ್ತಿದ್ದೆ. ಮಗಳು ಗಂಡನ ಮನೆಗೆ ಹೋಗಲಿ, ಆಮೇಲೆ ಹೇಳೋಣ — ಅಂದುಕೊಂಡೆ. ಹೋದಳು. ಆಮೇಲೆ ಹೇಳುವ ಬಾಯಿಯೇ ಬರಲಿಲ್ಲ.

ಎರಡು ವರ್ಷಕ್ಕೆ ಅಕ್ಕ ಬಚ್ಚಲಿಗೂ ಹೋಗಲಾರದಂತಾದಳು. ಬೇರೆ ಊರಲ್ಲಿ ಆಪರೇಷನ್ ಮಾಡಿಸಿದೆವು. ನೋವು ಹೋಯಿತು, ಕುಂಟು ಉಳಿಯಿತು. ಎಲುಬು ಅಷ್ಟು ಸವೆದಿತ್ತು. ಇಷ್ಟು ತಡ ಯಾಕೆಂದು ಅಲ್ಲಿಯ ಡಾಕ್ಟರು ಗದರಿದಾಗ ಅಕ್ಕ ನನ್ನ ಪರವಾಗಿ ಜಗಳಕ್ಕೇ ನಿಂತಳು: “ನಮ್ಮ ತಂಗಿ ಮೊದಲ ತೋರಿಸ್ಯಾಳರಿ! ಆ ಡಾಕ್ಟರೇ ಬ್ಯಾಡ ಅಂದಾರ.”

ಆ ಮಾತಿಗಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ —

ಹೋದ ತಿಂಗಳು ಎಲ್ಲವನ್ನೂ ಹೇಳಿದೆ. ತೊಗರಿಕಾಯಿ ಸುಲಿಯುತ್ತಿದ್ದ ಅವಳ ಕೈ ನಿಂತಿತು. ಹಿಡಿದಿದ್ದ ಕಾಯಿಯನ್ನು ಕೆಳಗಿಟ್ಟು ಅಂದಳು: “ಬಾಣಂತನ ಮುಗಿಯೋತನ ತಡಿ ಅಕ್ಕಾ ಅಂದಿದ್ರ ತಡೀತಿದ್ದೆ. ನೀ ನನ್ನ ಕೇಳಲೇ ಇಲ್ಲಲ್ಲ.”

ಅತ್ತಿದ್ದು ನಾನು. ಅವಳು ಅಳಲಿಲ್ಲ.

ಈಗಲೂ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ. ನಿನ್ನೆ ಅವಳು ಕೀಲಿನ ತಪಾಸಣೆಗೆ ಹೋಗಬೇಕಿತ್ತು. ಆಟೋ ಬಂದಾಗ ನಾನೂ ಚಪ್ಪಲಿ ಮೆಟ್ಟಿದೆ.

“ನೀ ಬ್ಯಾಡ,” ಎಂದಳು ಅಕ್ಕ, ಮೆತ್ತಗೆ. “ಡಾಕ್ಟರು ಏನಂತಾರ, ನಾನೇ ಕೇಳಕೊಂಡು ಬರ್ತೀನಿ.”