ಮುನಿರಾಜು ಅಳಿಸಿದ ಮೂಲೆ

ಚಾಮರಾಜಪೇಟೆಯ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕೂತು ಮುನಿರಾಜು ಏನು ಕೆಲಸ ಮಾಡುತ್ತಾನೆಂದು ಅವನ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತರಕಾರಿ ವ್ಯಾಪಾರದ ಮನೆತನ. ಅಣ್ಣ ರಾಮಾಂಜಿನಪ್ಪ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮಂಡಿ ನಡೆಸಿ ತಮ್ಮನನ್ನು ಎಂಜಿನಿಯರಿಂಗ್ ಓದಿಸಿದ್ದ. "ಕಬ್ಣ ಮುರಿಯತ್ತೋ ಇಲ್ವೋ, ನಮ್ಮುಡ್ಗ ಕಂಪ್ಯೂಟ್ರಲ್ಲೇ ಹೇಳ್ಬಿಡ್ತಾನೆ" ಎಂದು ಮಂಡಿಗೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಅದಕ್ಕಿಂತ ಚೆನ್ನಾಗಿ ಆ ಕೆಲಸವನ್ನು ವಿವರಿಸುವುದು ನನಗೂ ಕಷ್ಟ.

ಯಂತ್ರದ ಒಂದು ಭಾಗದ ಚಿತ್ರವನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ಒಡೆಯಬೇಕು. ಅದಕ್ಕೆ ಮೆಶ್ ಎನ್ನುತ್ತಾರೆ. ಭಾರ ಹೊರಿಸಿದಾಗ ಒತ್ತಡ ಜಾಸ್ತಿಯಾದಲ್ಲಿ ಕೆಂಪು ಬಣ್ಣ ಕಾಣುತ್ತದೆ. ಆಫೀಸಿಗೆ ಹೊಸಬರು ಬಂದರೆ ಸಾಕು, ಮುನಿರಾಜು ಮೇಷ್ಟ್ರಾಗಿಬಿಡುತ್ತಿದ್ದ.

"ಎಲ್ಲಾ ಕಡೆ ಸಣ್ಣ ಮೆಶ್ ಹಾಕಿ ಕಂಪ್ಯೂಟರ್ ಸಾಯಿಸ್ಬೇಡ್ರಪ್ಪಾ. ಒತ್ತಡ ಇರೋ ಕಡೆ ಸಣ್ದು, ಮಿಕ್ಕಿದ್ಕಡೆ ದಪ್ಪ ಸಾಕು. ಆಮೇಲೆ ಇನ್ನೂ ಸಣ್ದು ಮಾಡಿ ನೋಡಿ. ಉತ್ತರ, ಅಂದ್ರೆ ಒತ್ತಡದ ಅಂಕಿ, ಒಂದ್ಕಡೆ ನಿಂತ್ರೆ ನಂಬಿ, ಏರ್ತಾನೇ ಹೋದ್ರೆ ನಂಬ್ಬೇಡಿ. ಚೂಪು ಮೂಲೇಲಿ ಅದು ಏರ್ತಾನೇ ಇರತ್ತೆ. ಅಲ್ಲಿನ ಕೆಂಪು ಸುಳ್ಳು, ಬರೀ ಲೆಕ್ಕದ ದೋಷ."

ಮಾತೇನೋ ಸರಿಯೇ. ಆದರೆ ಒಂದೇ ಸರಿಯಾದ ಮಾತನ್ನು ವರ್ಷಗಟ್ಟಲೆ ಹೇಳಿದವನಿಗೆ ಸ್ವಲ್ಪ ಕೊಬ್ಬೂ ಬರುತ್ತದೆ.

ಮೂಟೆ ಎತ್ತುವ ಯಂತ್ರದ ತೋಳೊಂದು ಅವನ ಬಳಿ ಪರೀಕ್ಷೆಗೆ ಬಂತು. ತೋಳು ಕಂಬಕ್ಕೆ ಸೇರುವ ಒಳಮೂಲೆಯನ್ನು ಚೂರೇ ಚೂರು ದುಂಡಗೆ ಮಾಡಿದ್ದರು. ಅಂಥ ಕಡೆ ಮೆಶ್ ಕೂರಿಸುವುದು ರೇಜಿಗೆಯ ಕೆಲಸ. ಈ ಕಸುಬಿನವರೆಲ್ಲ ಅವಸರವಿದ್ದಾಗ ಚಿತ್ರದಿಂದ ಆ ದುಂಡನ್ನು ಅಳಿಸಿಬಿಡುತ್ತಾರೆ. ಇವನೂ ಅಳಿಸಿದ. ಲೆಕ್ಕ ಓಡಿಸಿದಾಗ ಅಲ್ಲೇ ಕೆಂಪು ಕಂಡಿತು. ಚೂಪು ಮೂಲೆಯಲ್ಲವೇ, ಸುಳ್ಳು ಎಂದು ಅದನ್ನು ಬಿಟ್ಟು, ಪಕ್ಕದ ಅಂಕಿ ತೆಗೆದುಕೊಂಡು, ತೋಳು ಗಟ್ಟಿಯಾಗಿದೆ ಎಂದು ಬರೆದುಕೊಟ್ಟ. ಮೂಲೆಯನ್ನು ಚೂಪು ಮಾಡಿದ್ದು ತಾನೇ ಎಂಬುದು ಆ ಮಹಾರಾಯನಿಗೆ ಹೊಳೆಯಲೇ ಇಲ್ಲ. ಸಾಲದ್ದಕ್ಕೆ, ಅಣ್ಣ ಮಂಡಿಗೆ ಅಂಥದೊಂದು ಯಂತ್ರ ಹುಡುಕುತ್ತಿದ್ದಾಗ "ಇದೇ ತಗೋಣ್ಣ, ನಾನೇ ಚೆಕ್ ಮಾಡಿದೀನಿ" ಎಂದ.

ಮುಂಗಾರಿಗೆ ಮುಂಚೆ ಆ ತೋಳು ಮುರಿದು ಮೂಟೆಗಳು ರಾಮಾಂಜಿನಪ್ಪನ ಬಲಗೈ ಮೇಲೆ ಬಿದ್ದವು. ಕೈ ಉಳಿಯಿತು. ಬೆರಳುಗಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು.

ಮಂಡಿಯಲ್ಲಿ ಬಿದ್ದಿದ್ದ ತುಂಡನ್ನು ಮುನಿರಾಜು ಎತ್ತಿ ನೋಡಿದ. ಬಿರುಕು ಶುರುವಾಗಿದ್ದು ಅದೇ ದುಂಡಿನಲ್ಲಿ. ಆಫೀಸಿಗೆ ಹೋಗಿ ಅಳಿಸಿದ್ದನ್ನು ಮತ್ತೆ ಸೇರಿಸಿ, ಅದರ ಮೇಲೆ ಸಣ್ಣ ಮೆಶ್ ಕೂರಿಸಿದ. ಇನ್ನೂ ಸಣ್ಣದು ಮಾಡಿದ. ಈ ಸಲ ಉತ್ತರ ಒಂದು ಕಡೆ ನಿಂತಿತು, ಕಬ್ಬಿಣ ತಾಳುವ ಮಿತಿಗಿಂತ ಎಷ್ಟೋ ಮೇಲೆ.

"ಮಾರಿರೋ ಮಿಷನ್ನೆಲ್ಲ ವಾಪಸ್ ಕರೆಸ್ಬೇಕು ಸರ್" ಎಂದು ಆಫೀಸಿನ ಯಜಮಾನ ಶ್ರೀಧರ್ ಮುಂದೆ ನಿಂತ.

"ಜಾಸ್ತಿ ಮೂಟೆ ಹಾಕಿರ್ತಾರೆ ಕಣ್ರೀ. ರಿಪೋರ್ಟ್ ಹೋಗಿ ಆಯ್ತು. ಸುಮ್ನಿರಿ."

ಮುನಿರಾಜು ತಾನೇ ಯಂತ್ರ ಮಾಡಿದ ಕಂಪನಿಗೆ ಬರೆದ, ಫೋನು ಮಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಭಾನುವಾರ ಅಣ್ಣನ ಮನೆಗೆ ಹೋದ. ಅಣ್ಣ ಇವನನ್ನೇ ಸಮಾಧಾನ ಮಾಡತೊಡಗಿದ. "ಕಬ್ಣನೇ ಕಳಪೆ ಹಾಕವ್ರೆ ಬಿಡು. ನೀನೇನ್ ಮಾಡಕ್ಕಾಗತ್ತೆ?"

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮುನಿರಾಜುವಿಗೆ ಆಗಲಿಲ್ಲ.

"ಕಬ್ಣ ಸರಿಯಾಗೇ ಇತ್ತಣ್ಣ. ಮುರಿಯೋ ಜಾಗ ನಂಗೆ ಕಂಡಿತ್ತು. ಸುಳ್ಳು ಅಂದ್ಕೊಂಡು ಬಿಟ್ಬಿಟ್ಟೆ."

"ಕಂಡಿತ್ತಾ?"

"ಹೂಂ."

ಅಷ್ಟರಲ್ಲಿ ಅತ್ತಿಗೆ ತಟ್ಟೆಯಲ್ಲಿ ಮುದ್ದೆ, ಸಾರು ತಂದಿಟ್ಟು ಒಳಗೆ ಹೋದಳು. ಎಡಗೈಯಲ್ಲಿ ಉಣ್ಣಲು ರಾಮಾಂಜಿನಪ್ಪನಿಗಿನ್ನೂ ಮನಸ್ಸು ಒಗ್ಗಿರಲಿಲ್ಲ, ತಟ್ಟೆ ನೋಡುತ್ತಾ ಕೂತ. ಮುನಿರಾಜು ಕೈ ತೊಳೆದು ಬಂದು, ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ಅಣ್ಣನ ಬಾಯಿಯ ಹತ್ತಿರ ಹಿಡಿದ.

ಅಣ್ಣ ಮುಖ ತಿರುಗಿಸಿದ.

"ನಿಮ್ಮತ್ತಿಗೇನ ಕರಿ" ಎಂದ.