ಸುಳ್ಳು ನೋವು

ನಾನು ಹೆತ್ತ ದಿನ ಊರಿಗೆಲ್ಲ ಗೊತ್ತಾಗಿತ್ತು. ಶ್ರೀನಿವಾಸಪುರದ ಬಳಿ ನನ್ನ ತವರು. ಮನೆಯ ಹಿಂದೆಯೇ ಮಾವಿನ ತೋಟ. ಆಗ ಕಾಯಿ ಕೀಳುವ ಕಾಲ. ಬೆಳಿಗ್ಗೆ ಶುರುವಾದ ನೋವಿಗೆ ನಾನು ಹಾಕಿದ ಕೂಗು ಕೇಳಿ ಮರ ಹತ್ತಿದ್ದವರು ಇಳಿದು ಬಂದು, ಯಾರಿಗೆ ಏನಾಯಿತೋ ಎಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದರಂತೆ. ಆಸ್ಪತ್ರೆಗೆ ಹೋಗುವಾಗ ಕಾರಿನ ಡ್ರೈವರನ್ನು ಬೈದೆ, ಪಕ್ಕದಲ್ಲಿದ್ದ ಅಮ್ಮನನ್ನು ಬೈದೆ, ಅಲ್ಲಿಲ್ಲದ ಗಂಡನನ್ನಂತೂ ಅವರ ವಂಶದ ಸಮೇತ ಬೈದೆ. ಸಂಜೆಗೆ ಮಗಳು ಹುಟ್ಟಿದಳು. ಮರುದಿನ ನನ್ನ ಗಂಟಲು ಕಟ್ಟಿಹೋಗಿ, ನೋಡಲು ಬಂದವರಿಗೆಲ್ಲ ಕೈಸನ್ನೆಯಲ್ಲೇ ಉತ್ತರ ಕೊಟ್ಟೆ.

ನನಗೇನೂ ನಾಚಿಕೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಜಂಬವೇ ಬಂತು. ಮೂರು ತಿಂಗಳು ಬಾಣಂತನ ಮಾಡಿಸಿಕೊಂಡು ಕ್ಯಾಲನೂರಿನ ಹತ್ತಿರದ ಗಂಡನ ಮನೆಗೆ ವಾಪಸ್ಸು ಬರುವ ಹೊತ್ತಿಗೆ ಹೆರಿಗೆ ನೋವಿನ ವಿಷಯದಲ್ಲಿ ನಾನೊಬ್ಬ ದೊಡ್ಡ ಪಂಡಿತೆಯಾಗಿದ್ದೆ. ಬೀದಿಯಲ್ಲಿ ಯಾವ ಬಸುರಿ ಹೊಟ್ಟೆ ಹಿಡಿದುಕೊಂಡರೂ ನನಗೆ ಹೇಳಿಕಳಿಸುತ್ತಿದ್ದರು. ನಾನು ಹೋಗಿ, ಅವಳ ಮುಖ ನೋಡಿ, ಇದು ನೋವು, ಇದು ನೋವಲ್ಲ ಎಂದು ತೀರ್ಪು ಕೊಟ್ಟು ಬರುತ್ತಿದ್ದೆ. ನನ್ನ ಹತ್ತಿರ ಇದ್ದ ಅಳತೆ ಒಂದೇ, ನನ್ನ ಕೂಗು. ಅದರ ಅರ್ಧಕ್ಕೂ ಬಾರದ್ದನ್ನು ನೋವು ಎಂದು ಒಪ್ಪಿಕೊಳ್ಳಲು ನಾನು ತಯಾರಿರಲಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೊಂದು ಪರೀಕ್ಷೆಯೂ ಇದೆ. ದಿನ ತುಂಬಿದವಳಿಗೆ ಹೊಟ್ಟೆನೋವು ಬಂದರೆ ಮೊದಲು ಜೀರಿಗೆ ಕಷಾಯ ಕುಡಿಸುತ್ತಾರೆ. ಸುಳ್ಳು ನೋವಾದರೆ ಇಳಿಯುತ್ತದೆ, ನಿಜವಾದ ನೋವಾದರೆ ಏರುತ್ತದೆ. ಏರಿದರೆ ಆಸ್ಪತ್ರೆ, ಇಳಿದರೆ ಮತ್ತೆ ಮನೆಕೆಲಸ. ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು, ಅತ್ತೆಯೂ ಹಾಗೇ. ಏರಿತೋ ಇಳಿಯಿತೋ ಹೇಳಬೇಕಾದವಳು ಕುಡಿದವಳು. ಆದರೆ ಅವಳ ಮಾತಿಗಿಂತ ಸುತ್ತ ನಿಂತವರ ಕಣ್ಣಿಗೆ ಕಂಡದ್ದೇ ನಡೆಯುತ್ತಿತ್ತು. ಹಾಲಿಗೆ ನೀರು ಬೆರೆತಿದೆಯೋ ಇಲ್ಲವೋ ನೋಡಲು ಡೈರಿಯಲ್ಲಿ ಒಂದು ಗಾಜಿನ ಕೊಳವೆಯಾದರೂ ಇದೆ. ನೋವಿಗೆ ಅದೂ ಇಲ್ಲ.

ನಾನು ಹೆತ್ತ ಮೂರು ವರ್ಷಕ್ಕೆ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಬಸುರಿಯಾದಳು. ಮುಳಬಾಗಿಲಿನ ಆಚೆಯ ಹಳ್ಳಿಯವಳು, ಮನೆಮಾತು ತೆಲುಗು. ನಮ್ಮ ಮನೆಗೆ ಬಂದ ಮೇಲೆ ಕನ್ನಡವನ್ನು ಚೆನ್ನಾಗಿಯೇ ಕಲಿತಳು. ಆದರೆ ಎರಡು ಭಾಷೆಯಲ್ಲೂ ಮಾತು ಕಡಿಮೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಅವಳಿಗೆ ತಾಯಿ ಇರಲಿಲ್ಲ, ತವರಿನಲ್ಲಿ ನೋಡಿಕೊಳ್ಳುವ ಹೆಂಗಸರೇ ಇರಲಿಲ್ಲ. ಅದಕ್ಕೆ ನಮ್ಮಲ್ಲೇ ಉಳಿದಳು.

ಅವತ್ತು ಬೆಳಿಗ್ಗೆ ಅವಳು ಡೈರಿಗೆ ಹಾಲು ಹಾಕಿ ಬಂದಳು. ಖಾಲಿ ಕ್ಯಾನು ಕೆಳಗಿಟ್ಟು, ಅಡುಗೆಮನೆಯ ಬಾಗಿಲು ಹಿಡಿದು ನಿಂತು, "ಅಕ್ಕಾ, ಸೊಂಟ ಹಿಡ್ಕೊಂಡಂಗೆ ಆಗ್ತೈತೆ. ನೋವು ಬಂದಿರ್ಬೇಕು" ಎಂದಳು. ನಾನು ತಿರುಗಿ ನೋಡಿದೆ. ಮುಖ ಎಂದಿನ ಹಾಗೇ ಇತ್ತು. ಹಣೆಯ ಮೇಲೆ ಬೆವರಿತ್ತು. ಬಿಸಿಲಲ್ಲಿ ನಡೆದು ಬಂದಿದ್ದಾಳೆ, ಬೆವರದೆ ಇನ್ನೇನು ಎಂದುಕೊಂಡೆ.

"ಲೇ, ನೋವು ಬಂದೋಳು ಹಿಂಗೆ ನಿಂತ್ಕೊಂಡು ಮಾತಾಡ್ತಾಳೇನೇ? ಇದು ನೋವಲ್ಲ, ಸುಳ್ಳು ನೋವು. ನಿಜವಾದ್ದು ಬರ್ಲಿ ತಾಳು, ನೀನು ಹೇಳೋದೇ ಬೇಡ, ಊರಿಗೇ ಕೇಳಿಸ್ತದೆ" ಎಂದು ನಕ್ಕೆ.

ಕಷಾಯ ಕುದಿಸಿ ಕೊಟ್ಟೆ, ಕುಡಿದಳು. ಸ್ವಲ್ಪ ಹೊತ್ತು ಬಿಟ್ಟು "ಇಳೀತೇನೇ?" ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಹ್ಞೂಂ ಅಕ್ಕ, ಇಳೀತು ಅನ್ಸುತ್ತೆ" ಎಂದಳು. ಅತ್ತೆಗೂ ಸಮಾಧಾನವಾಯಿತು. ಅವಳು ಹೋಗಿ ಕೊಟ್ಟಿಗೆ ಗುಡಿಸಿದಳು, ಹಸುವಿಗೆ ನೀರಿಟ್ಟಳು. ಹನ್ನೊಂದು ಗಂಟೆಗೆ ರಾಗಿ ಮುದ್ದೆಗೆ ಎಸರಿಟ್ಟು, ಇವಳೆಲ್ಲಿ ಹೋದಳು ಎಂದು ನಾನು ಹುಡುಕಿಕೊಂಡು ಹೋದರೆ, ಕೊಟ್ಟಿಗೆಯ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಸೀರೆ ಒದ್ದೆಯಾಗಿತ್ತು. ಆಟೋ ತರಲು ಮೈದುನ ಓಡಿದ. ಆಟೋ ಬರುವುದರೊಳಗೆ ಪಕ್ಕದ ಬೀದಿಯ ಸೂಲಗಿತ್ತಿ ಅಜ್ಜಿ ಬಂದು ಕೂತರು, ಮಗು ಅವರ ಕೈಗೆ ಬಂತು. ಗಂಡು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅಷ್ಟು ಹೊತ್ತೂ ಅವಳ ಬಾಯಿಂದ ಒಂದು ಕೂಗೂ ಹೊರಡಲಿಲ್ಲ.

ಅಲ್ಲಿಂದ ನನಗೊಂದು ಕತೆ ಸಿಕ್ಕಿತು. ನಾಮಕರಣ, ಸೀಮಂತ, ಮದುವೆ ಮನೆ, ಎಲ್ಲಿ ನಾಲ್ಕು ಹೆಂಗಸರು ಸೇರಿದರೂ ಹೇಳುತ್ತಿದ್ದೆ. "ನಾನು ಹೆತ್ತಿದ್ದು ಹಂಗೆ, ನಮ್ ಓರಗಿತ್ತಿ ನೋಡಿ, ನೋವೇ ಇಲ್ಲ! ಹೂವೆತ್ತಿದಂಗೆ ಹೆತ್ಲು." ಎಲ್ಲರೂ ನಗುತ್ತಿದ್ದರು. ಅವಳೂ ಅಲ್ಲೇ ಎಲ್ಲೋ ಎಲೆ ಹಾಕುತ್ತಲೋ ನೀರು ಬಡಿಸುತ್ತಲೋ ಇದ್ದು ಸಣ್ಣಗೆ ನಗುತ್ತಿದ್ದಳು. ಅವಳನ್ನು ಹೊಗಳುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಅದನ್ನೇಕೆ ಮುಚ್ಚಿಡಲಿ.

ಆ ಕತೆಯ ಫಲವನ್ನು ಉಂಡವಳು ಅವಳು. ನೋವೇ ತಿನ್ನದವಳಿಗೆ ಎಷ್ಟು ದಿನ ಬಾಣಂತನ ಮಾಡುತ್ತಾರೆ? "ಇವ್ಳಿಗೇನು, ಗಟ್ಟಿಗಿತ್ತಿ" ಎಂದರು ಅತ್ತೆ. ನಾನೂ ಹೌದೆಂದೆ. ತಿಂಗಳು ತುಂಬುವ ಮೊದಲೇ, ಕಿವಿಗೆ ಕಟ್ಟಿದ ಬಟ್ಟೆಯನ್ನು ಇನ್ನೂ ಬಿಚ್ಚದೆ, ಅವಳು ಹಾಲು ಕರೆಯಲು ಕೂತಿದ್ದಳು. ನನ್ನ ಮೂರು ತಿಂಗಳು, ದಿನಾ ಬೆನ್ನಿಗೆ ಬಿಸಿನೀರು ಹೊಯ್ಯುತ್ತಿದ್ದ ಅಮ್ಮ, ಯಾವುದೂ ನನಗೆ ಆಗ ನೆನಪಾಗಲಿಲ್ಲ.

ಕಳೆದ ವರ್ಷ ನನ್ನ ಮಗಳು ಹೆರಿಗೆಗೆ ಬಂದಳು. ಅವಳನ್ನು ಲಕ್ಕೂರಿಗೆ ಕೊಟ್ಟಿದ್ದೇವೆ. ಮಾಲೂರಿನ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಯಾರಿಗೂ ಹೆದರದ ಹುಡುಗಿ, ಹೆರಿಗೆ ಎಂದರೆ ಮಾತ್ರ ಗಡಗಡ. "ಅಮ್ಮ, ನನ್ಗೆ ಆಗಲ್ಲ. ಮೊದಲೇ ಆಪರೇಷನ್ ಮಾಡಿ ಅಂತ ಹೇಳ್ಬಿಡ್ತೀನಿ" ಎಂದು ದಿನಾ ಒಂದೇ ಪಲ್ಲವಿ. ಎಲ್ಲ ಸರಿಯಾಗಿದೆ, ಆಪರೇಷನ್ ಯಾಕೆ ಎಂದರು ಡಾಕ್ಟರು. ಆದರೂ ಅವಳ ಭಯ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅವಳು ಹುಟ್ಟಿದ ದಿನ ನಾನು ಕೂಗಿದ ಕತೆಯನ್ನು ಅವಳಿಗೆ ಅಕ್ಷರ ಕಲಿಸುವ ಮುಂಚಿನಿಂದ ಹೇಳುತ್ತಾ ಬಂದಿದ್ದೇನೆ.

ಹೆರಿಗೆಯ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನನ್ನ ಬಟ್ಟೆಯನ್ನು ಆಗಲೇ ಬ್ಯಾಗಿಗೆ ತುಂಬಿಟ್ಟಿದ್ದೆ. ಮಗಳು ಒಂದು ದಿನ ಊಟಕ್ಕೆ ಕೂತಾಗ, "ಒಳಗೆ ಚಿಕ್ಕಮ್ಮ ಬರ್ಲಿ ಅಮ್ಮ" ಎಂದುಬಿಟ್ಟಳು. ನಾನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ.

"ಯಾಕೆ, ನಾನೇನ್ ಸತ್ತೋಗಿದೀನಾ?"

"ನೀನು ಬಂದ್ರೆ ನನ್ಗಿಂತ ಮುಂಚೆ ನೀನೇ ಕಿರುಚ್ತೀಯ. ಚಿಕ್ಕಮ್ಮನಿಗೆ ನೋವೇ ಆಗ್ಲಿಲ್ಲ ಅಂತ ನೀನೇ ಹೇಳ್ತೀಯಲ್ಲ, ಅವ್ರು ಪಕ್ಕದಲ್ಲಿದ್ರೆ ನನ್ಗೂ ಧೈರ್ಯ."

ಓರಗಿತ್ತಿ ಸಾರಿನ ಸೌಟು ಹಿಡಿದು ನಿಂತಿದ್ದಳು. ಮಗಳ ತಟ್ಟೆಗೆ ಸಾರು ಬಡಿಸಿದಳು. ಆಮೇಲೆ "ಬರ್ತೀನಿ ಬಿಡಮ್ಮ" ಎಂದಳು. ನಾನು ಎರಡು ದಿನ ಇಬ್ಬರ ಹತ್ತಿರವೂ ಮಾತು ಬಿಟ್ಟೆ. ಹೆತ್ತ ಮಗಳೇ ನನ್ನನ್ನು ಬೇಡ ಅಂದಳಲ್ಲ ಎಂಬ ಉರಿ.

ವಾರದೊಳಗೆ ಒಂದು ಬೆಳಿಗ್ಗೆ ಮಗಳು ಹಾಸಿಗೆಯಿಂದ ಎದ್ದು ಬಂದು, "ಅಮ್ಮ, ನೋವು. ಹೊಟ್ಟೆ ಆಗಾಗ ಕಲ್ಲಿನ ತರ ಆಗ್ತಿದೆ" ಎಂದಳು. ಕೂಗಲಿಲ್ಲ, ಅಳಲಿಲ್ಲ. ಹೆದರಿಕೆಯಲ್ಲಿ ಏನೇನೋ ಅನ್ನಿಸುತ್ತದೆ ಎಂದುಕೊಂಡೆ. ನನ್ನ ಕೈ ತಾನಾಗಿ ಜೀರಿಗೆ ಡಬ್ಬಿಗೆ ಹೋಯಿತು. "ಕೂತ್ಕೊ, ಕಷಾಯ ಕೊಡ್ತೀನಿ, ಇಳಿಯುತ್ತೆ" ಎಂದು ಗ್ಯಾಸಿನ ಮೇಲೆ ನೀರಿಟ್ಟೆ.

ಮಾತು ಕೇಳಿಸಿಕೊಂಡು ಓರಗಿತ್ತಿ ಹಿತ್ತಲಿಂದ ಒಳಗೆ ಬಂದಳು. ಮಗಳನ್ನು ಒಂದು ಸಲ ನೋಡಿದಳು. ಸೀದಾ ಬಂದು ಗ್ಯಾಸು ಆರಿಸಿದಳು.

"ಕಷಾಯ ಬೇಡ ಅಕ್ಕ. ಹುಡ್ಗಿ ನೋವು ಅಂತ ಹೇಳ್ತಾವಳೆ. ಗಾಡಿ ಕರೀರಿ."

ನಮ್ಮ ಮನೆಗೆ ಬಂದ ಮೇಲೆ ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಸಿಟ್ಟಿಗಿಂತ ನನಗೆ ಆಶ್ಚರ್ಯವೇ ಹೆಚ್ಚಾಯಿತು. ಗಾಡಿ ಕರೆಸಿದೆ. ಕೋಲಾರದ ಆಸ್ಪತ್ರೆ ಮುಟ್ಟಿದಾಗ, ಆಗಲೇ ಬಹಳ ಮುಂದುವರಿದಿದೆ ಎಂದು ನರ್ಸು ಮಗಳನ್ನು ಸೀದಾ ಒಳಗೆ ಕರೆದುಕೊಂಡು ಹೋದರು. ಹಿಂದೆಯೇ ಓರಗಿತ್ತಿ ಹೋದಳು. ನಾನು ಹೊರಗಿನ ಬೆಂಚಿನಲ್ಲಿ ಉಳಿದೆ.

ಒಳಗೆ ಮೂರೋ ನಾಲ್ಕೋ ಜನ ಹೆರುವವರಿದ್ದರು. ಒಬ್ಬಳು ಊರಿನ ದೇವರುಗಳನ್ನೆಲ್ಲ ಸಾಲಾಗಿ ಕರೆಯುತ್ತಿದ್ದಳು. ಒಬ್ಬಳು ತೆಲುಗಿನಲ್ಲಿ ಗಂಡನಿಗೆ ಶಾಪ ಹಾಕುತ್ತಿದ್ದಳು. ಅವಳ ಮೇಲೆ ನನಗೆ ತಕ್ಷಣ ಪ್ರೀತಿ ಹುಟ್ಟಿತು. ಇನ್ನೊಬ್ಬಳದು ಬರೀ ನರಳಾಟ, ಬಾವಿಯೊಳಗಿಂದ ಬಂದಂತೆ. ನನ್ನ ಮಗಳ ದನಿ ಇದರಲ್ಲಿ ಯಾವುದು? ಕಿವಿಯೊಡ್ಡಿ ಕೂತರೂ ತಿಳಿಯಲಿಲ್ಲ. ಯಾರಿಗೆ ಹೆಚ್ಚು ನೋವು ಎಂದು ಈ ಬಾಗಿಲ ಹೊರಗೆ ಕೂತು ಹೇಳಬಲ್ಲೆನೇ ಎಂದು ಮೊದಲ ಸಲ ಯೋಚಿಸಿದೆ. ಹೇಳಲಾರೆ. ನಾನು ಹೆರುವಾಗ ನನ್ನ ಕೂಗಿಗೆಲ್ಲ "ಏನಮ್ಮ, ಏನು ಕಂದ" ಎನ್ನಲು ಅಮ್ಮ ಇದ್ದಳು. ಕೇಳುವವರಿದ್ದಾರೆ ಎಂದು ಗೊತ್ತಿದ್ದೇ ನಾನು ಅಷ್ಟು ಕೂಗಿರಬೇಕು.

ಮಧ್ಯಾಹ್ನದೊಳಗೆ ಓರಗಿತ್ತಿ ಹೊರಗೆ ಬಂದಳು. ಮುಂಗೈ ಮೇಲೆಲ್ಲ ಮಗಳ ಉಗುರಿನ ಗುರುತು.

"ಹೆಣ್ಣು ಮಗು ಅಕ್ಕ. ಇಬ್ರೂ ಚೆನ್ನಾಗವ್ರೆ."

"ತುಂಬಾ ಕಿರುಚಿದ್ಲಾ?"

"ಒಂದ್ಸಲ ಕಿರುಚಿದ್ಲು, ಒಂದ್ಸಲ ಸುಮ್ನಿದ್ಲು. 'ಚಿಕ್ಕಮ್ಮಾ, ನೋವು' ಅಂದ್ಲು, 'ಹ್ಞೂಂ ಕಣಮ್ಮ, ನೋವು' ಅಂದೆ. ಅಷ್ಟೇ."

ಅವಳು ಬಂದು ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ನನಗೆ ತಡೆಯಲಾಗಲಿಲ್ಲ. "ಅಲ್ವೇ, ನಿನ್ಗೆ ನೋವು ಅಂದ್ರೇನು ಅಂತಾನೇ ಗೊತ್ತಿಲ್ಲ. ಅವಳಿಗೆ ಬಂದಿರೋದು ನಿಜವಾದ ನೋವು ಅಂತ ಹೆಂಗ್ ಗೊತ್ತಾಯ್ತು?" ಎಂದು ಕೇಳಿದೆ.

ಅವಳು ಉಗುರಿನ ಗುರುತುಗಳನ್ನು ಸವರಿಕೊಂಡಳು.

"ನನ್ಗೂ ನೋವಿತ್ತು ಅಕ್ಕ. ಪ್ರಾಣ ಹೋಗೋ ಅಷ್ಟಿತ್ತು. ನಿಮ್ಗೆ ಬಂದು ಹೇಳಿದ್ನಲ್ಲ. ಇದು ಸುಳ್ಳು ನೋವು, ನಿಜವಾದ್ದು ಆಮೇಲೆ ಬರುತ್ತೆ ಅಂದ್ರಿ. ಸುಳ್ಳು ನೋವೇ ಹಿಂಗಿದ್ರೆ ನಿಜವಾದ್ದು ಹೆಂಗಿರುತ್ತೋ ಅಂತ ಹೆದ್ರಿಕೊಂಡು, ಅದು ಬಂದಾಗ ಕಿರುಚೋಣ ಅಂತ ಹಲ್ಲು ಕಚ್ಕೊಂಡಿದ್ದೆ. ಕಾಯ್ತಾ ಇರೋವಾಗ್ಲೇ ಮಗು ಬಂದ್ಬಿಡ್ತು."

ದೂರುವ ದನಿಯಲ್ಲ. ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಇಪ್ಪತ್ತನಾಲ್ಕು ವರ್ಷ ಅವಳ ಎದುರಿಗೇ, ಅವಳ ಕೈಯಿಂದಲೇ ಊಟ ಬಡಿಸಿಕೊಂಡು, ಆ ಕತೆ ಹೇಳಿ ನಾಲ್ಕು ಜನರನ್ನು ನಗಿಸಿದ್ದೆ. "ಆಗ್ಲೇ ಯಾಕೆ ಹೇಳ್ಲಿಲ್ವೇ?" ಎಂದೆ.

"ಹೇಳಿದ್ದೆ ಅಕ್ಕ" ಎಂದಳು ಅವಳು.